ನಕ್ಷೆ ತಿಳಿಯದವನ ನೌಕಾಪಡೆ

ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಸಂಸ್ಥೆಯ ‘ಸ್ಟೆಲ್ಲಾರಿಸ್’ ಎಂಬ ಬಾಹ್ಯಾಕಾಶದ ಕಂಪ್ಯೂಟರ್ ಆಟ ಬಂದದ್ದು 2016ರ ಮೇ ತಿಂಗಳಲ್ಲಿ. ಆಲ್ಕೊಳದ ನಮ್ಮ ಗುಂಪು ಅದನ್ನು ಇನ್ನೂ ಬಿಟ್ಟಿಲ್ಲ. ರಾತ್ರಿ ಊಟ ಮುಗಿಸಿ ಇಲ್ಲಿಂದ ಕೆಲವರು, ಭದ್ರಾವತಿಯಿಂದ ಒಬ್ಬ, ಬೆಂಗಳೂರಿನ ಪಿ.ಜಿ.ಯಿಂದ ಇನ್ನೊಬ್ಬ ಸೇರಿಕೊಳ್ಳುತ್ತೇವೆ. ಅನ್ವೇಷಣೆಯನ್ನೂ ಯುದ್ಧಸಿದ್ಧತೆಯನ್ನೂ ಒಂದೇ ಕೆಲಸವಾಗಿ ಹೆಣೆದದ್ದು ಈ ಆಟದ ಹೆಚ್ಚುಗಾರಿಕೆ. ಆ ಹೆಣಿಗೆಯನ್ನು ಅರ್ಧದಲ್ಲೇ ಕೈಬಿಡುವುದು ಅದರ ದೊಡ್ಡ ಕೊರತೆ.

ಆಟದ ಕಾಲ 2200ರಿಂದ ಶುರು. ಕೈಯಲ್ಲಿ ಒಂದು ವಿಜ್ಞಾನ ನೌಕೆ, ಸುತ್ತ ಕತ್ತಲು. ಮೊದಲು ಹಾರಾಟಕ್ಕೆ ಮೂರು ವಿಧಾನಗಳಿದ್ದವು, ಯಾರು ಎಲ್ಲಿಂದ ಬೇಕಾದರೂ ನುಗ್ಗಬಹುದಿತ್ತು. 2018ರ ಪರಿಷ್ಕರಣೆ ಎಲ್ಲರನ್ನೂ ನಕ್ಷತ್ರಗಳ ನಡುವಿನ ಗೊತ್ತಾದ ದಾರಿಗಳಿಗೆ ಕಟ್ಟಿಹಾಕಿತು. ಹಲವರು ಗೊಣಗಿದರು. ನನಗಂತೂ ಆಟಕ್ಕೆ ಜೀವ ಬಂದದ್ದೇ ಆಗ. ಆಗುಂಬೆ ಘಾಟಿ ಹಿಡಿದವನಿಗೆ ಬಯಲಿನಲ್ಲಿ ದಂಡು ಹರಡಬೇಕಿಲ್ಲ. ಇಲ್ಲೂ ಅಂಥ ಇಕ್ಕಟ್ಟು ಎಲ್ಲಿದೆ ಎಂದು ಮೊದಲು ಕಂಡವನು ಅಲ್ಲೊಂದು ಕೋಟೆ ಎಬ್ಬಿಸಿ ಅರ್ಧ ಪಡೆಯ ಖರ್ಚು ಉಳಿಸುತ್ತಾನೆ.

ಅದೇ ವರ್ಷ ಆದ ಇನ್ನೊಂದು ಬದಲಾವಣೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ವಿಚಿತ್ರ ಸಂಗತಿಯೊಂದನ್ನು ಶೋಧಿಸಹೊರಟ ವಿಜ್ಞಾನಿ ಮೊದಲೆಲ್ಲ ಸೋಲಬಹುದಿತ್ತು, ಸಾಯಲೂಬಹುದಿತ್ತು. ಈಗ ಸೋಲೇ ಇಲ್ಲ, ಅನುಭವ ಕಡಿಮೆಯಿದ್ದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಅಪಾಯವೇ ಇಲ್ಲದ ಶೋಧ ಗುಮಾಸ್ತಗಿರಿಯಾಗುತ್ತದೆ.

ಪಡೆ ಕಟ್ಟುವ ಲೆಕ್ಕ ಚೆನ್ನಾಗಿದೆ. ಪಡೆಯ ಒಟ್ಟು ಮಿತಿಯಲ್ಲಿ ಸಣ್ಣ ಕಾರ್ವೆಟ್ ನೌಕೆ ಒಂದು ಸ್ಥಾನ ಹಿಡಿದರೆ ದೊಡ್ಡ ಬ್ಯಾಟಲ್‌ಶಿಪ್ ಎಂಟು. ಮಿತಿ ಮೀರಿದರೆ ನಿರ್ವಹಣೆಯ ಖರ್ಚು ಏರುತ್ತದೆ. ದೊಡ್ಡ ತೋಪಿಗೆ ಚುರುಕಾದ ಕಾರ್ವೆಟ್ ಸಿಗುವುದಿಲ್ಲ. ಲೇಸರ್ ಕವಚವನ್ನು ಕೊರೆಯುತ್ತದೆ, ಶಕ್ತಿಗುರಾಣಿಯ ಮುಂದೆ ಸೊರಗುತ್ತದೆ. ಗುರಾಣಿ ಒಡೆಯಲು ಗುಂಡೇ ಬೇಕು. ಹೊಸಬರು ಇದನ್ನೆಲ್ಲ ಬಿಟ್ಟು ಪರದೆಯ ಮೇಲಿನ ‘ಪಡೆಬಲ’ ಎಂಬ ಒಂದೇ ಅಂಕಿಯನ್ನು ನಂಬುತ್ತಾರೆ. ಎದುರಾಳಿ ಏನು ತೊಟ್ಟು ಬಂದಿದ್ದಾನೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಅದನ್ನು ತಿಳಿಯಲು ಮತ್ತೆ ಬೇಹಿಗೇ ಹೋಗಬೇಕು. ಕಂಪ್ಯೂಟರ್ ಎದುರಾಳಿಯ ಮುಂದೆ ಈ ಅಸಡ್ಡೆ ನಡೆದೀತು. ಗೆಳೆಯರು ಎದುರಿಗಿದ್ದರೆ ನಡೆಯುವುದಿಲ್ಲ, ಅವರು ನಮ್ಮ ನೌಕೆಗಳ ವಿನ್ಯಾಸ ನೋಡಿಯೇ ತಮ್ಮದನ್ನು ತಿದ್ದಿಕೊಂಡು ಬರುತ್ತಾರೆ.

ಹಡಗು ಕಟ್ಟಲು ಬೇಕಾದದ್ದು ಮಿಶ್ರಲೋಹ, ಅದಕ್ಕೆ ಖನಿಜ, ಖನಿಜಕ್ಕೆ ಗಣಿ. ನಮ್ಮ ಭದ್ರಾವತಿಯ ಗೆಳೆಯನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವನೂರಿನಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ ನಿಂತದ್ದೇ ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲಿನ ಮೇಲೆ. ಆಟದಲ್ಲೂ ಅವನು ಗಡಿ ಹಿಗ್ಗಿಸುವ ಮೊದಲು ಕುಲುಮೆ ಹೆಚ್ಚಿಸುತ್ತಾನೆ. ನಾವು ಯುದ್ಧ ಗೆದ್ದು ಬರಿಗೈಯಾಗಿ ನಿಂತಾಗ ಅವನ ಹೊಸ ಪಡೆ ಹೊರಟಿರುತ್ತದೆ.

2300ರ ಹೊತ್ತಿಗೆ ಗಡಿಗಳೆಲ್ಲ ಮುಚ್ಚಿ ವಿಜ್ಞಾನ ನೌಕೆ ಮೂಲೆ ಸೇರುತ್ತದೆ. ಜನಸಂಖ್ಯೆ ಬೆಳೆದಂತೆ ಆಟವೂ ತೆವಳತೊಡಗುತ್ತದೆ. ಆಮೇಲಿನದು ಬಹುಪಾಲು ಬರಿಯ ಆಡಳಿತ. 2018ರಲ್ಲೇ ಸೇರಿದ ಎಲ್-ಗೇಟ್ ಎಂಬ ಮುಚ್ಚಿದ ಬಾಗಿಲು ಇದಕ್ಕೆ ಒಂದೇ ದೊಡ್ಡ ಅಪವಾದ. ಸುಳಿವುಗಳನ್ನು ಒಂದೊಂದಾಗಿ ಕೂಡಿಸಿ ಯಾರೋ ಒಬ್ಬ ಬಾಗಿಲು ತೆರೆಯುತ್ತಾನೆ. ಒಳಗೆ ನಿಧಿಯಿರಬಹುದು, ಇಲ್ಲವೇ ಬೂದು ನ್ಯಾನೈಟ್‌ಗಳ ದಂಡಿರಬಹುದು. ದಂಡು ಹೊರಟರೆ ತೆರೆದವನ ಮನೆಯೊಂದಕ್ಕೇ ಬರುವುದಿಲ್ಲ, ಗ್ಯಾಲಕ್ಸಿಯುದ್ದಕ್ಕೂ ಇರುವ ಎಲ್ಲ ಎಲ್-ಗೇಟ್‌ಗಳಿಂದ ನುಗ್ಗುತ್ತದೆ. ಆ ರಾತ್ರಿ ಒಬ್ಬನ ಕುತೂಹಲಕ್ಕಾಗಿ ಎಲ್ಲರೂ ಪಡೆ ಹಂಚಿ ನಿಲ್ಲಿಸಬೇಕಾಗುತ್ತದೆ, ನಿನ್ನೆಯ ವೈರಿಗೂ ದಾರಿ ಬಿಡಬೇಕಾಗುತ್ತದೆ. ಇಂಥ ಇನ್ನೂ ನಾಲ್ಕು ಬಾಗಿಲುಗಳನ್ನು ಆಟದ ಉತ್ತರಾರ್ಧದಲ್ಲಿ ಇಟ್ಟಿದ್ದರೆ ನಮ್ಮ ಎಷ್ಟೋ ಆಟಗಳು ನಡುವೆಯೇ ನಿಲ್ಲುತ್ತಿರಲಿಲ್ಲ.