‘ಅಮೂರ್’: ಬಾಗಿಲು ಹಾಕಿಕೊಂಡ ಆರೈಕೆ

ಆಸ್ಟ್ರಿಯಾದ ನಿರ್ದೇಶಕ ಮೈಕೆಲ್ ಹನೆಕೆಯ ‘ಅಮೂರ್’ 2012ರಲ್ಲಿ ಕಾನ್ ಚಿತ್ರೋತ್ಸವದ ಪಾಮ್ ದೋರ್ ಗೆದ್ದಿತು, ಮರುವರ್ಷ ವಿದೇಶಿ ಭಾಷಾ ಚಿತ್ರಕ್ಕಿರುವ ಆಸ್ಕರ್ ಕೂಡ ಅದಕ್ಕೇ ಬಂತು. ಹೆಸರೇ ಪ್ರೇಮ ಎಂದಿರುವುದರಿಂದ ಅದನ್ನು ಪ್ರೇಮದ ಚಿತ್ರವೆಂದೇ ಮೆಚ್ಚುವುದು ರೂಢಿ. ನನಗೆ ಮಾತ್ರ ಅದು ಮೊದಲಿಗೆ ದುಡಿಮೆಯ ಚಿತ್ರ. ಒಂದು ಮುದಿ ಜೀವ ಇನ್ನೊಂದು ಮುದಿ ಜೀವವನ್ನು ಎತ್ತಿ, ತೊಳೆದು, ಉಣಿಸುವ ದುಡಿಮೆ.

ಪ್ಯಾರಿಸ್ಸಿನ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಜಾರ್ಜ್ ಮತ್ತು ಆ್ಯನ್, ಇಬ್ಬರೂ ನಿವೃತ್ತ ಸಂಗೀತ ಶಿಕ್ಷಕರು. ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದ ಆ್ಯನ್ ಸ್ವಲ್ಪ ಹೊತ್ತು ಕರೆದರೂ ಓಗೊಡದೆ ನೆಟ್ಟ ನೋಟದಲ್ಲಿ ಕೂತುಬಿಡುತ್ತಾಳೆ. ಕತ್ತಿನ ರಕ್ತನಾಳಕ್ಕೆ ಮಾಡಿದ ಆಪರೇಷನ್ ಕೈಕೊಟ್ಟು ಬಲಭಾಗಕ್ಕೆ ಲಕ್ವ ಹೊಡೆಯುತ್ತದೆ. ಇನ್ನೆಂದೂ ಆಸ್ಪತ್ರೆಗೆ ಸೇರಿಸಬೇಡ ಎಂದು ಗಂಡನಿಂದ ಮಾತು ತೆಗೆದುಕೊಳ್ಳುತ್ತಾಳೆ. ಆಮೇಲೆ ಕ್ಯಾಮೆರಾ ಆ ಕಟ್ಟಡದ ಹೊರಗೆ ಕಾಲಿಡುವುದಿಲ್ಲ.

ವೀಲ್‌ಚೇರಿನಿಂದ ಕುರ್ಚಿಗೆ ಅವಳನ್ನು ದಾಟಿಸುವ ದೃಶ್ಯವೊಂದೇ ಸಾಕು, ಹನೆಕೆ ಎಂಥ ಕಣ್ಣುಳ್ಳವನು ಎಂದು ತಿಳಿಯಲು. ಜಾರ್ಜ್ ಅವಳನ್ನು ಅಪ್ಪಿ ಹಿಡಿದು ಎಬ್ಬಿಸುತ್ತಾನೆ. ಇಬ್ಬರೂ ಅಂಟಿಕೊಂಡೇ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ತಿರುಗುತ್ತಾರೆ. ಅವಳನ್ನು ಮೆಲ್ಲಗೆ ಕೂರಿಸುತ್ತಾನೆ. ಹಿನ್ನೆಲೆ ಸಂಗೀತವಿಲ್ಲ, ಕ್ಯಾಮೆರಾಕ್ಕೆ ಅವಸರವೂ ಇಲ್ಲ. ಪಾತ್ರ ಮಾಡಿದ ಜಾನ್ ಲೂಯಿ ತ್ರಂತಿನ್ಯಾಂಗೆ ಆಗ ಎಂಬತ್ತರ ವಯಸ್ಸು, ಇಮ್ಯಾನುಯೆಲ್ ರಿವಾಗೆ ಅದಕ್ಕಿಂತ ಹೆಚ್ಚು. ಅವನ ನಡಿಗೆಯೇ ಸರಿಯಿಲ್ಲ. ಇವನೇ ಬಿದ್ದರೆ ಎತ್ತುವವರು ಯಾರು ಎಂಬ ಭಯ ಚಿತ್ರದುದ್ದಕ್ಕೂ ನಮ್ಮನ್ನು ಬಿಡುವುದಿಲ್ಲ. ಹೆಂಡತಿಗೆ ಲಕ್ವ ಹೊಡೆದರೆ ಡಾಕ್ಟರು ಅವಳ ಬಿಪಿ ನೋಡುತ್ತಾರೆ. ಅವಳನ್ನು ಎತ್ತುವವನ ಸೊಂಟ ಹೇಗಿದೆ ಎಂದು ಕೇಳುವವರು ಯಾರೂ ಇಲ್ಲ.

ಇನ್ನೊಂದು ದೃಶ್ಯ ನೋಡಲೇ ಕಷ್ಟ. ಆ್ಯನ್ ನೀರು ಕುಡಿಯಲು ಒಲ್ಲೆ ಎನ್ನುತ್ತಾಳೆ. ಜಾರ್ಜ್ ರಮಿಸುತ್ತಾನೆ, ಬೆದರಿಸುತ್ತಾನೆ, ಬಾಯಿಗೆ ಹಿಡಿಯುತ್ತಾನೆ. ಅವಳು ಉಗುಳಿದಾಗ ಕೆನ್ನೆಗೆ ಹೊಡೆದುಬಿಡುತ್ತಾನೆ, ಮರುಕ್ಷಣವೇ ಕ್ಷಮೆ ಕೇಳುತ್ತಾನೆ. ಇಲ್ಲಿ ಹನೆಕೆ ಅವನನ್ನು ರಾಕ್ಷಸನಾಗಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ರಾತ್ರಿಯ ನಿದ್ದೆಗೆಟ್ಟು ಹಾಸಿಗೆ ಹಿಡಿದವರನ್ನು ನೋಡಿಕೊಂಡ ಯಾರಿಗೂ ಆ ಏಟು ಎಲ್ಲಿಂದ ಬಂತು ಎಂದು ವಿವರಿಸಬೇಕಿಲ್ಲ.

ನನ್ನ ತಕರಾರು ಇರುವುದು ಮನೆಯ ಹೊರಗಿನ ಲೋಕವನ್ನು ಚಿತ್ರ ನಡೆಸಿಕೊಳ್ಳುವ ರೀತಿಯಲ್ಲಿ. ಮಗಳು ಇವಾ (ಇಸಬೆಲ್ ಉಪೇರ್) ಬಂದಾಗಲೆಲ್ಲ ಅಳುತ್ತಾಳೆ, ಸಲಹೆ ಕೊಡುತ್ತಾಳೆ, ಹೋಗುತ್ತಾಳೆ. ನರ್ಸ್ ಒಬ್ಬಳು ಒರಟಾಗಿ ತಲೆ ಬಾಚಿ, ಮುಖದ ಮುಂದೆ ಕನ್ನಡಿ ಹಿಡಿದು, ಕೆಲಸ ಕಳೆದುಕೊಳ್ಳುತ್ತಾಳೆ. ಹೀಗೆ ನೆರವಿನ ಒಂದೊಂದೇ ಕೈಯನ್ನು ಕಥೆ ತಳ್ಳಿಹಾಕುತ್ತ, ಕೊನೆಗೆ ಅವಳ ಉಸಿರು ನಿಲ್ಲಿಸಲು ಜಾರ್ಜ್ ದಿಂಬು ಎತ್ತಿಕೊಂಡಾಗ ಬೇರೆ ದಾರಿಯೇ ಇರಲಿಲ್ಲವೇನೋ ಎನಿಸುವಂತೆ ಮಾಡುತ್ತದೆ. ಆದರೆ ಅರವತ್ತು ದಾಟಿ ಪರಾವಲಂಬಿಗಳಾದವರ ಮನೆಯ ಆರೈಕೆಗೆ ಭತ್ಯೆ ಕೊಡುವ ವ್ಯವಸ್ಥೆ ಫ್ರಾನ್ಸಿನಲ್ಲಿ 2002ರಿಂದಲೇ ಇದೆ. ಅದರ ವಿಚಿತ್ರವನ್ನೂ ಕೇಳಿ: ಆ ಹಣದಲ್ಲಿ ಮಗಳನ್ನು ಬೇಕಾದರೆ ಸಂಬಳಕ್ಕೆ ಇಟ್ಟುಕೊಳ್ಳಬಹುದು, ಗಂಡನನ್ನೋ ಹೆಂಡತಿಯನ್ನೋ ಇಟ್ಟುಕೊಳ್ಳುವಂತಿಲ್ಲ. ಆರೈಕೆ ಮಾಡುವವರಿಗೂ ಬಿಡುವು ಬೇಕೆಂದು ಅಲ್ಲಿನ ಕಾನೂನು ಒಪ್ಪಿದ್ದು 2015ರಲ್ಲಿ, ಚಿತ್ರ ಬಂದು ಮೂರು ವರ್ಷಕ್ಕೆ. ಇದೆಲ್ಲ ಸಿನಿಮಾಕ್ಕೆ ಬೇಡದ ಸಂಗತಿ ಎನ್ನಬಹುದು. ನಾನು ಒಪ್ಪುವುದಿಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಬಿಡುವು ಸಿಕ್ಕಿದ್ದರೆ ಜಾರ್ಜ್ ಏನಾಗುತ್ತಿದ್ದ ಎಂಬ ಪ್ರಶ್ನೆಯನ್ನು ಚಿತ್ರ ಏಳಗೊಡುವುದೇ ಇಲ್ಲ. ವ್ಯವಸ್ಥೆಯ ಕೊರತೆ ಅಲ್ಲಿ ವಿಧಿಯ ವೇಷ ತೊಟ್ಟುಕೊಂಡಿದೆ.

ನಮ್ಮಲ್ಲಿಯೂ ಯೋಚನೆಯ ಜಾಡು ಬೇರೆಯಲ್ಲ. 2007ರ ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯ ಕಣ್ಣಿಗೆ ಮುದುಕರೆಂದರೆ ನೋಡಿಕೊಳ್ಳಬೇಕಾದವರು, ನೋಡಿಕೊಳ್ಳುತ್ತಿರುವವರು ಅಲ್ಲ. 2024ರಲ್ಲಿ ಎಪ್ಪತ್ತು ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತದ ಐದು ಲಕ್ಷ ರೂಪಾಯಿ ಆಸ್ಪತ್ರೆಗೆ ಸೇರಿದರೆ ಉಂಟು, ಮನೆಯ ಮಂಚದಲ್ಲಿ ಡೈಪರ್ ಬದಲಿಸುವ, ಹುಣ್ಣಾಗದಂತೆ ಮಗ್ಗುಲು ಹೊರಳಿಸುವ ಕೆಲಸಕ್ಕೆ ಅದರಲ್ಲಿ ಬಿಡಿಗಾಸೂ ಇಲ್ಲ. ಮಕ್ಕಳು ಹೊರದೇಶದಲ್ಲಿರುವ ಬೆಂಗಳೂರಿನ ಮನೆಗಳಲ್ಲಿ ಏಜೆನ್ಸಿಯ ಹೋಮ್ ನರ್ಸ್ ಸಿಗುತ್ತಾಳೆ. ಊರ ಕಡೆ ಅದೂ ಇಲ್ಲ.

ಚಿತ್ರದಲ್ಲಿ ಕಟ್ಟಡ ನೋಡಿಕೊಳ್ಳುವ ದಂಪತಿ ಸಾಮಾನು ತಂದುಕೊಡುತ್ತಾರೆ. ಗಂಡ ಜಾರ್ಜನನ್ನು ಮನಸಾರೆ ಹೊಗಳುತ್ತಾನೆ. ಮೆಚ್ಚುಗೆಗೇನೂ ಕಡಿಮೆಯಿಲ್ಲ, ಆದರೆ ಒಂದು ರಾತ್ರಿಯ ಪಾಳಿ ಯಾರೂ ಹೊರುವುದಿಲ್ಲ. ಹನೆಕೆ ಆರೈಕೆಯ ಭಾರವನ್ನು ಗಂಡಸಿನ ಹೆಗಲಿಗೆ ಹಾಕಿದ್ದರಿಂದಲೇ ಅದು ನಮಗೆ ಇಷ್ಟು ಎದ್ದು ಕಾಣುತ್ತಿದೆ ಎಂಬ ಅನುಮಾನವೂ ನನಗಿದೆ. ಲಕ್ವ ಹೊಡೆದದ್ದು ಜಾರ್ಜನಿಗಾಗಿದ್ದರೆ, ಆ್ಯನ್ ಅವನ ಒದ್ದೆ ಹಾಸಿಗೆ ಬದಲಿಸುತ್ತಿದ್ದರೆ, ಆ ಹೊಗಳಿಕೆಯ ಮಾತನ್ನು ಹನೆಕೆ ಬರೆಯುತ್ತಿದ್ದನೇ? ನಮ್ಮ ಕಡೆಯಂತೂ ಹೆಂಡತಿಯಾದವಳಿಗೆ ಅದು ಎಪ್ಪತ್ತೈದರಲ್ಲೂ ಮನೆಗೆಲಸದ ಇನ್ನೊಂದು ಬಾಬತ್ತು ಅಷ್ಟೇ.