ಒಣಗಿ ಹೋದ ಹಡಗು

ಮುಳುಗಿದ ಮರದ ಹಡಗನ್ನು ಮೇಲೆತ್ತಿದರೆಂಬ ಸುದ್ದಿ ಬಂದಾಗಲೆಲ್ಲ ನನ್ನ ಮನಸ್ಸಿಗೆ ಮೊದಲು ಬರುವುದು ಸಂತೋಷವಲ್ಲ, ಆತಂಕ. ಇನ್ನು ಮುಂದೆ ಅದರ ಮರವನ್ನು ಕಾಯುವವರು ಯಾರು? ಈ ಆತಂಕಕ್ಕೆ ಕಾರಣ ಅಮೆರಿಕದ ಮಿಷಿಗನ್ ಸರೋವರದ ಸ್ಕೂನರ್ (ಒಂದು ಬಗೆಯ ಹಾಯಿಹಡಗು) 'ಆಲ್ವಿನ್ ಕ್ಲಾರ್ಕ್'.

1846-47ರಲ್ಲಿ ಡೆಟ್ರಾಯಿಟ್ ನದಿಯ ದಡದ ಟ್ರೆಂಟನ್‌ನಲ್ಲಿ ಕಟ್ಟಿದ ಹಡಗು ಅದು. ಎರಡು ಹಾಯಿಕಂಬ, ಸುಮಾರು 105 ಅಡಿ ಉದ್ದ. ಸರೋವರದ ಸ್ಕೂನರ್‌ಗಳ ಜಾಣತನವೆಲ್ಲ ಇರುವುದು ತಳದಲ್ಲಿ. ಅಲ್ಲಿನ ಬಂದರುಗಳು ಹೆಚ್ಚಾಗಿ ನದೀಮುಖಗಳು; ಹೂಳು ತುಂಬಿ ನೀರು ಕಡಿಮೆ. ಅದಕ್ಕೇ ತಳವನ್ನು ಚಪ್ಪಟೆ ಮಾಡಿ, ನಡುವೆ ಸೀಳು ಬಿಟ್ಟು, ಮೇಲಕ್ಕೂ ಕೆಳಕ್ಕೂ ಸರಿಸಬಹುದಾದ ದೊಡ್ಡ ಹಲಗೆಯೊಂದನ್ನು ಅದರಲ್ಲಿ ಕೂರಿಸುತ್ತಿದ್ದರು. ಆಳದ ನೀರಿನಲ್ಲಿ ಹಲಗೆ ಇಳಿಸಿದರೆ ಗಾಳಿ ಹಡಗನ್ನು ಪಕ್ಕಕ್ಕೆ ತಳ್ಳಲಾರದು. ಬಂದರು ಸಮೀಪಿಸಿದಾಗ ಎತ್ತಿಕೊಂಡರೆ ತಳ ತಾಗದು. ಮುಖ್ಯ ಹಾಯಿಗಳನ್ನು ಡೆಕ್ಕಿನ ಮೇಲೆ ನಿಂತೇ ಸಂಭಾಳಿಸಬಹುದಾದ್ದರಿಂದ ಬೆರಳೆಣಿಕೆಯ ಆಳುಗಳು ಸಾಕು. ಷಿಕಾಗೋ ನಗರ ಬೆಳೆದದ್ದು ಇಂಥ ಹಡಗುಗಳು ಉತ್ತರದ ಕಾಡುಗಳಿಂದ ಹೊತ್ತು ತಂದ ಮರದಿಂದ.

1864ರ ಜೂನ್ 29ರಂದು ಕ್ಲಾರ್ಕ್ ಖಾಲಿ ಒಡಲಿನಲ್ಲಿ ಮರ ತರಲು ಹೊರಟಿತ್ತು. ಒಡಲು ತೊಳೆಯಲೆಂದು ಡೆಕ್ಕಿನ ಮೇಲಿನ ಮುಚ್ಚಳಗಳನ್ನು ತೆಗೆದಿದ್ದರು. ಸರೋವರದ ಗ್ರೀನ್ ಬೇ ಕೊಲ್ಲಿಯಲ್ಲಿ, ಚೇಂಬರ್ಸ್ ದ್ವೀಪದ ಬಳಿ, ಬಿರುಗಾಳಿ ಎರಗಿತು. ಭಾರವಿಲ್ಲದ ಹಡಗು ವಾಲಿತು, ತೆರೆದ ಬಾಯಿಗಳಿಂದ ನೀರು ನುಗ್ಗಿತು. ಮೂವರು ಸತ್ತರು.

ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ. 1967ರಲ್ಲಿ ಮೀನುಗಾರರ ಬಲೆ ಏನಕ್ಕೋ ಸಿಕ್ಕಿಕೊಂಡಿತು. ಬಿಡಿಸಲು ಹೋದ ಮುಳುಗುಗಾರ ಫ್ರಾಂಕ್ ಹಾಫ್‌ಮನ್ ಸುಮಾರು 110 ಅಡಿ ಆಳದಲ್ಲಿ ಕಂಡದ್ದು ನೆಟ್ಟಗೆ ಕೂತ ಇಡೀ ಹಡಗನ್ನು! ಕಂಬಗಳೂ ನಿಂತೇ ಇದ್ದವು. ಉಪ್ಪುನೀರಿನಲ್ಲಿ ಮರ ಕೊರೆದು ಪುಡಿ ಮಾಡುವ ಹುಳು ಈ ಸಿಹಿನೀರಿನಲ್ಲಿಲ್ಲ. ಚಳಿ, ಕತ್ತಲೆ ಮತ್ತು ಕೆಸರು ಸೇರಿ ಕೊಳೆಯುವುದನ್ನೂ ತಡೆದಿದ್ದವು. ಹಾಫ್‌ಮನ್ ಮತ್ತು ಸಂಗಡಿಗರು ತಳದಡಿ ಸುರಂಗ ಕೊರೆದು ಉಕ್ಕಿನ ಹಗ್ಗ ತೂರಿಸಿದರು. 1969ರ ಜುಲೈನಲ್ಲಿ ಹಡಗು ಮೇಲೆ ಬಂತು. ನೀರು, ಕೆಸರು ಹೊರಹಾಕಿದ್ದೇ ತಡ, 105 ವರ್ಷ ಮುಳುಗಿದ್ದ ಹಡಗು ತಾನೇ ತೇಲಿತು. ಒಳಗೆ ನಾವಿಕರ ಸಾಮಾನು ಇತ್ತು, ಜಾಡಿಯೊಂದರಲ್ಲಿ ಚೀಸ್ ಕೂಡ ಇತ್ತು.

ಮೆನೋಮಿನೀ ಊರಿನಲ್ಲಿ ಅದನ್ನು ಬಯಲಿಗೇ ನಿಲ್ಲಿಸಿ ಪ್ರದರ್ಶನಕ್ಕಿಟ್ಟರು. ನೀರುಂಡ ಮರದ ಎಳೆಗಳಿಗೆ ಒಳಗಿನ ನೀರೇ ಆಧಾರ. ಅದು ಆರಿದರೆ ಎಳೆಗಳು ಕುಸಿಯುತ್ತವೆ, ಹಲಗೆ ಸೆಟೆದು ಬಿರಿಯುತ್ತದೆ. ಇದಕ್ಕೆ ಮದ್ದು ಆಗಲೇ ಬಳಕೆಯಲ್ಲಿತ್ತು: 1628ರಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ 'ವಾಸಾ' ಹಡಗಿಗೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು 17 ವರ್ಷ ಸಿಂಪಡಿಸಿದರು. ವಾಸಾದ ಬೆನ್ನಿಗೆ ಒಂದು ದೇಶವೇ ಇತ್ತು. ಹಾಫ್‌ಮನ್ ಬೆನ್ನಿಗಿದ್ದದ್ದು ಸಾಲ. ನಾನು ಅವರನ್ನು ದೂರಲಾರೆ. ಅಷ್ಟು ಪ್ರೀತಿಯಿಂದ ಎತ್ತಿದವರಿಗೆ ಕಾಯಲು ಕೈ ಜೋಡಿಸುವವರು ಸಿಗಲಿಲ್ಲ. ಬಿಸಿಲು, ಹಿಮ, ಮಳೆಗೆ ಸಿಕ್ಕ ಹಡಗು 1994ರ ಹೊತ್ತಿಗೆ ಉಳಿಸಲಾಗದ ಸ್ಥಿತಿ ತಲುಪಿತು. ಕೆಡವಿಬಿಟ್ಟರು.

ಅಂದಿನಿಂದ ಮಿಷಿಗನ್ ಸೇರಿದಂತೆ ಅಲ್ಲಿನ ಮಹಾಸರೋವರಗಳ ಹಡಗುಪ್ರೇಮಿಗಳು 'ಎತ್ತೋಣ' ಎನ್ನುವವರನ್ನು ಅನುಮಾನದಿಂದಲೇ ನೋಡುತ್ತಾರೆ. ನಾನೂ ಅವರ ಕಡೆಗೇ. ಆದರೆ ಈಗ ನೀರನ್ನೂ ನಂಬುವಂತಿಲ್ಲ. ಹೊರದೇಶದ ಹಡಗುಗಳ ಜೊತೆ ಬಂದ ಕ್ವಾಗಾ ಎಂಬ ಸಣ್ಣ ಚಿಪ್ಪುಜೀವಿ ಮುಳುಗಿದ ಸ್ಕೂನರ್‌ಗಳ ಮೇಲೆಲ್ಲ ಹಾಸುಬಿದ್ದಿದೆ; ಕೆತ್ತನೆ, ಹೆಸರಿನ ಅಕ್ಷರ, ಹಲಗೆಯ ಜೋಡಣೆ ಯಾವುದೂ ಕಾಣದು. ಅದರ ಭಾರಕ್ಕೆ ಮರವೂ ಸೋಲುತ್ತದೆ. ಹಾಗಾಗಿ ಅಲ್ಲಿನ ಪುರಾತತ್ವಜ್ಞರು ಹಡಗುಗಳನ್ನು ಇರುವಲ್ಲೇ ಬಿಟ್ಟು, ಎಲ್ಲ ಕಡೆಯಿಂದ ಚಿತ್ರ ತೆಗೆದು, ಅಳತೆ ಹಿಡಿದು ದಾಖಲಿಸುತ್ತಿದ್ದಾರೆ.