ಹಗ್ಗ ಬಿಗಿಹಿಡಿದರೆ ಸಾಲದು

ಭಾನುವಾರ ಬೆಳಗಾದರೆ ಕಾರಿನ ಹಿಂದಿನ ಸೀಟಿಗೆ ಹಳೆಯ ಬೆಡ್‌ಶೀಟ್ ಹಾಸಿ, ನಾಯಿಯನ್ನು ಕೂರಿಸಿಕೊಂಡು ಊರಾಚೆಗೆ ಹೊರಡುವ ಬೆಂಗಳೂರಿಗರ ಸಂಖ್ಯೆ ಕಡಿಮೆಯೇನಿಲ್ಲ. ವಾರವಿಡೀ ಅಪಾರ್ಟ್‌ಮೆಂಟಿನ ಲಿಫ್ಟು, ಬಾಲ್ಕನಿಗಳಲ್ಲೇ ಕಾಲ ತಳ್ಳಿದ ಪ್ರಾಣಿಗೆ ಹೆಸರಘಟ್ಟದ ಹುಲ್ಲುಗಾವಲೋ ಯಾವುದೋ ಕೆರೆಯ ಏರಿಯೋ ಊರ ಗೋಮಾಳವೋ ಸ್ವರ್ಗದಂತೆ ಕಾಣುವುದು ಸಹಜ. ಆ ಸುಖವನ್ನು ಅದಕ್ಕೆ ಕೊಡಬೇಕೆನ್ನುವ ಯಜಮಾನರ ಆಸೆಯೂ ಒಳ್ಳೆಯದೇ. ಆದರೆ ನಮಗೆ ಖಾಲಿ ಬಯಲಾಗಿ ಕಾಣುವ ಈ ಜಾಗಗಳಲ್ಲಿ ಟಿಟ್ಟಿಭ, ಗೌಜಲಕ್ಕಿ, ನೆಲಗುಬ್ಬಿ, ಮೊಲ, ಉಡ, ಮುಂಗುಸಿಗಳೆಲ್ಲ ಸಂಸಾರ ಹೂಡಿರುತ್ತವೆ. ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಂಡರೆ ಇವಕ್ಕೆ ಯಾವ ತೊಂದರೆಯೂ ಇಲ್ಲ ಎಂದು ಜವಾಬ್ದಾರಿಯುಳ್ಳ ನಾಯಿಪ್ರಿಯರು ನಂಬಿದ್ದಾರೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಹಗ್ಗ ಹಿಡಿಯುವುದು ಮೊದಲ ಮೆಟ್ಟಿಲು. ಎಲ್ಲಿಗೆ, ಯಾವ ತಿಂಗಳಲ್ಲಿ ಹೋಗಬಾರದು ಎಂಬ ತಿಳಿವಳಿಕೆ ಅದಕ್ಕಿಂತ ದೊಡ್ಡದು.

ಮೊದಲಿಗೆ ನಾಯಿಯ ಸ್ವಭಾವವನ್ನೇ ನೋಡೋಣ. ವಾಸನೆ ಹಿಡಿಯುವುದು, ಗುರಿಯಿಟ್ಟು ನೋಡುವುದು, ಅಟ್ಟಿಸುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು: ಬೇಟೆಯೆಂದರೆ ಒಂದರ ಹಿಂದೊಂದು ಬರುವ ಇಂಥ ಕೆಲಸಗಳ ಸರಣಿ. ತಳಿ ಬೆಳೆಸಿದವರು ತಮಗೆ ಬೇಕಾದ ಕೊಂಡಿಯನ್ನು ಗಟ್ಟಿಮಾಡಿ, ಬೇಡದ್ದನ್ನು ಸಡಿಲಿಸುತ್ತ ಬಂದರು. ಬೀಗಲ್ ಮೊಲದ ಜಾಡನ್ನು ಮೂಗಿನಲ್ಲೇ ಹಿಡಿದು ಹೋಗಲೆಂದು ರೂಪುಗೊಂಡದ್ದು. ಲ್ಯಾಬ್ರಡಾರ್ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ತಾಕಿಸದೆ ತಂದೊಪ್ಪಿಸಲೆಂದು ಬೆಳೆದದ್ದು. ನಮ್ಮದೇ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಓಟದಲ್ಲೇ ಗೆಲ್ಲುವ ಜಾತಿ. ಬಯಲುಸೀಮೆಯ ಮೊಲಕ್ಕೆ ಅದು ಹುಟ್ಟಾ ವೈರಿ. ಸೋಫಾದ ಮೇಲೆ ಮಲಗಿಸಿ ಮೊಸರನ್ನ ತಿನ್ನಿಸಿದ ಮಾತ್ರಕ್ಕೆ ತಲೆತಲಾಂತರದ ಈ ಆಯ್ಕೆ ಅಳಿಸಿಹೋಗುವುದಿಲ್ಲ. ‘ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ’ ಎಂಬ ಮಾತು ಮನುಷ್ಯರ ಮಟ್ಟಿಗೆ ನಿಜವಾಗಿರಬಹುದು. ಕಾಲಬುಡದಿಂದ ಗೌಜಲಕ್ಕಿ ಬುರ್ರನೆ ಎದ್ದಾಗ ಅದೇ ನಾಯಿ ಏನು ಮಾಡುತ್ತದೆ ಎಂಬುದಕ್ಕೆ ಮನೆಯೊಳಗಿನ ನಡತೆ ಜಾಮೀನಾಗದು. ತಪ್ಪು ನಾಯಿಯದಲ್ಲ, ಅದರ ಹುಟ್ಟುಗುಣ ಗೊತ್ತಿದ್ದೂ ಹಗ್ಗ ಬಿಚ್ಚುವವರದು.

ಹಗ್ಗ ಬಿಚ್ಚದಿದ್ದರೆ? ಇದಕ್ಕೆ ಉತ್ತರ ಆಸ್ಟ್ರೇಲಿಯಾದಿಂದ ಬಂದಿದೆ. ಪೀಟರ್ ಬ್ಯಾಂಕ್ಸ್ ಮತ್ತು ಜೆಸ್ಸಿಕಾ ಬ್ರಯಂಟ್ ಎಂಬ ಸಂಶೋಧಕರು ಸಿಡ್ನಿ ಸುತ್ತಲಿನ ಕುರುಚಲು ಕಾಡಿನ ದಾರಿಗಳಲ್ಲಿ ಮೂರು ಬಗೆಯ ಹೋಲಿಕೆ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಹಗ್ಗದಲ್ಲಿ ಹಿಡಿದ ನಾಯಿಯೊಂದಿಗೆ ನಡೆದವರು, ನಾಯಿಯಿಲ್ಲದೆ ನಡೆದವರು, ಯಾರೂ ನಡೆಯದ ದಾರಿ. ನಾಯಿ ಹೋದ ದಾರಿಯಲ್ಲಿ ಕಂಡ ಹಕ್ಕಿಗಳ ಜಾತಿಗಳು ಶೇ 35ರಷ್ಟು, ಒಟ್ಟು ಸಂಖ್ಯೆ ಶೇ 41ರಷ್ಟು ಕುಸಿದಿದ್ದವು. ಮನುಷ್ಯರಷ್ಟೇ ನಡೆದಾಗ ಆದ ಪರಿಣಾಮ ಇದರ ಅರ್ಧಕ್ಕಿಂತಲೂ ಕಡಿಮೆ. ನಾಯಿಗಳು ನಿತ್ಯ ಓಡಾಡುವ ಜಾಗದಲ್ಲೂ ನಾಯಿಗಳಿಗೆ ಪ್ರವೇಶವೇ ಇಲ್ಲದ ಜಾಗದಲ್ಲೂ ಹಕ್ಕಿಗಳು ಒಂದೇ ರೀತಿ ಬೆದರಿದವು. ‘ದಿನಾ ನೋಡಿ ಅಭ್ಯಾಸವಾಗಿರುತ್ತದೆ ಬಿಡಿ’ ಎಂಬ ಸಮಾಧಾನಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಆ ಅಧ್ಯಯನ ಅಳೆದದ್ದು ತಕ್ಷಣದ ಬೆದರಿಕೆಯನ್ನು ಮಾತ್ರ, ಗೂಡುಗಳ ಸೋಲನ್ನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯ ವಿಷಯದಲ್ಲಿ ಬೆದರಿಕೆಗೂ ಸೋಲಿಗೂ ಅಂತರ ಬಹಳವಿಲ್ಲ. ಟಿಟ್ಟಿಭ ಬಿರುಬೇಸಿಗೆಯಲ್ಲಿ ಬರಿನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಟ್ಟು, ಸುಮಾರು ನಾಲ್ಕು ವಾರ ಕಾಯುತ್ತದೆ. ಬಿಸಿಲೇರಿದಾಗ ಅದು ತನ್ನ ಮೈಯನ್ನೇ ನೆರಳಾಗಿ ಹಿಡಿಯುತ್ತದೆ. ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ನಾಯಿ ಕಂಡು ಕೂಗುತ್ತ ಮೇಲೆದ್ದರೆ ಮೊಟ್ಟೆಗಳಿಗೆ ನೆರಳು ತಪ್ಪುತ್ತದೆ. ತಂಪು ಹೊತ್ತಿನಲ್ಲೂ ಅಪಾಯ ತಪ್ಪಿದ್ದಲ್ಲ, ಕಾಗೆ ಮುಂಗುಸಿಗಳು ಇಂಥ ಅವಕಾಶಕ್ಕೇ ಕಾದಿರುತ್ತವೆ. ಒಂದು ನಾಯಿ ಐದು ನಿಮಿಷದಲ್ಲಿ ದಾಟಿಹೋಗಬಹುದು. ಅದರ ಹಿಂದೆ ಇನ್ನೊಂದು, ಮತ್ತೊಂದು ಬರುವ ಭಾನುವಾರದ ಲೆಕ್ಕವೇ ಬೇರೆ.

ಬೀದಿನಾಯಿಗಳು ಅಲ್ಲಿ ಆಗಲೇ ಹಿಂಡುಹಿಂಡಾಗಿವೆ, ನಮ್ಮದೊಂದರಿಂದ ಏನು ಮಹಾ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಬೀದಿನಾಯಿಗಳ ಹಾವಳಿ ಸುಳ್ಳಲ್ಲ. ಭಾರತದಲ್ಲಿ ನಾಯಿಗಳ ದಾಳಿಗೆ ತುತ್ತಾದ ವನ್ಯಜೀವಿಗಳ ಕುರಿತು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 80 ಜಾತಿಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ 31 ಅಪಾಯದ ಅಂಚಿನಲ್ಲಿರುವಂಥವು. ಆದರೆ ಈ ಅಂಕಿಗಳಿಂದ ಹೊರಡುವ ತೀರ್ಮಾನ ಆಕ್ಷೇಪಕ್ಕೆ ತದ್ವಿರುದ್ಧವಾದದ್ದು. ಹೀಗೆ ಜರ್ಜರಿತವಾದ ಜೀವಸಂಕುಲಕ್ಕೆ ಹೊಸ ಹೊರೆ ಸಲ್ಲದು. ಕೊರಳಪಟ್ಟಿಯಿರುವ ನಾಯಿ ಯಾವುದು, ಇಲ್ಲದ್ದು ಯಾವುದು ಎಂದು ಟಿಟ್ಟಿಭ ವಿಂಗಡಿಸುವುದಿಲ್ಲ. ಬೀದಿನಾಯಿಗೆ ಹೊಣೆಗಾರರನ್ನು ಹುಡುಕುವುದು ಕಷ್ಟ. ಸಾಕಿದ ನಾಯಿಯ ಹೊಣೆಗಾರ ಹಗ್ಗದ ಇನ್ನೊಂದು ತುದಿಯಲ್ಲೇ ಇದ್ದಾನೆ. ಕುರಿಗಾಹಿಯ ನಾಯಿಯನ್ನು ತೋರಿಸುವವರೂ ಉಂಟು. ಅದೂ ನಿರಪಾಯಿಯೇನಲ್ಲ. ಆದರೆ ಅದಕ್ಕೆ ಮಂದೆ ಕಾಯುವ ಕೆಲಸವಿದೆ, ಅವನಿಗೆ ಬದುಕಿನ ಪ್ರಶ್ನೆಯಿದೆ. ಬೇರೆ ಹತ್ತು ಜಾಗಗಳ ಆಯ್ಕೆ ಇರುವುದು ಕಾರಿನಲ್ಲಿ ಬಂದವರಿಗೆ.

ಹುಲ್ಲುಗಾವಲನ್ನು ನಿಜವಾಗಿ ನುಂಗುತ್ತಿರುವುದು ಲೇಔಟು, ರಸ್ತೆ, ಕಟ್ಟಡತ್ಯಾಜ್ಯಗಳು. ನಾಯಿ ಹಿಡಿದವರ ಮೇಲೆ ಯಾಕೆ ಸಿಟ್ಟು ಎನ್ನುವವರ ಮಾತಿನಲ್ಲೂ ಹುರುಳಿದೆ. ಹೆಸರಘಟ್ಟದ ಐದು ಸಾವಿರ ಎಕರೆಗೂ ಮೀರಿದ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ, ಅದೂ ವರ್ಷಗಟ್ಟಲೆ ಹಗ್ಗಜಗ್ಗಾಟದ ನಂತರ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗವಾದ್ದರಿಂದಲೇ ಅಲ್ಲಿ ಇನ್ನಷ್ಟು ಎಚ್ಚರ ಬೇಕು. ನಾಯಿಗೆ ಮನಸೋ ಇಚ್ಛೆ ಓಡುವ ಅಗತ್ಯವಿದೆ ಎಂಬುದನ್ನು ನಾಯಿ ಬಲ್ಲ ಯಾರೂ ಅಲ್ಲಗಳೆಯಲಾರರು. ಅದಕ್ಕೆ ಬೇಲಿಯಿರುವ ತೋಟ, ನಾಯಿಗಳಿಗೆಂದೇ ಮಾಡಿದ ಪಾರ್ಕು, ಪರಿಚಯದವರ ಉತ್ತ ಹೊಲ ಆಗುತ್ತದೆ. ಬಯಲು ಹುಲ್ಲಿನಲ್ಲಿ ಕೊಳಕುಮಂಡಲವೂ ಉಣ್ಣೆಯೂ ಇರುತ್ತವೆ ಎಂಬುದನ್ನು ನೆನೆದರೆ, ನಾಯಿಯ ಹಿತಕ್ಕೂ ಇದೇ ಮೇಲು.

ಹಾಗಾದರೆ ಪಾಲಿಸಬೇಕಾದ ಶಿಸ್ತು ಏನು? ಇಂಗ್ಲೆಂಡಿನಲ್ಲಿ 2000ದ ಕಾಯ್ದೆಯಡಿ ಸಾರ್ವಜನಿಕರಿಗೆ ತೆರೆದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ಹಕ್ಕಿಗಳು ಗೂಡುಕಟ್ಟುವ ಕಾಲದಲ್ಲಿ, ನಾಯಿಯನ್ನು ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿದಿರಲೇಬೇಕು. ನಮ್ಮಲ್ಲಿ ಅಂಥ ಋತುನಿಯಮವಿಲ್ಲದಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಾಕಷ್ಟು ಕಟ್ಟುನಿಟ್ಟಿನದು: ವನ್ಯಪ್ರಾಣಿಯನ್ನು ಅಟ್ಟಿಸುವುದನ್ನೂ ಹಕ್ಕಿಯ ಗೂಡು, ಮೊಟ್ಟೆಗಳನ್ನು ಕದಡುವುದನ್ನೂ ಅದು ಬೇಟೆಯ ವ್ಯಾಪ್ತಿಗೇ ತರುತ್ತದೆ. ಬೇಸಿಗೆಯಿಂದ ಮಳೆಗಾಲದ ನಡುವಿನವರೆಗೆ ನೆಲಗೂಡಿನ ಹಕ್ಕಿಗಳ ಕಾಲ. ಚಳಿಗಾಲದಲ್ಲಿ ದೂರದಿಂದ ಬಂದ ಹ್ಯಾರಿಯರ್ ಗಿಡುಗಗಳು ರಾತ್ರಿ ತಂಗುವುದೂ ಹುಲ್ಲಿನ ನೆಲದ ಮೇಲೆಯೇ. ಹೀಗಾಗಿ ಹುಲ್ಲುಗಾವಲಿನಲ್ಲಿ ನಾಯಿಗೆ ನಿರಾತಂಕದ ತಿಂಗಳು ಸಿಗುವುದೇ ಕಷ್ಟ. ಕೆರೆಯ ಏರಿಯ ಮೇಲಿನ ಕಾಲುದಾರಿ, ಹಳ್ಳಿಯ ಬಂಡಿದಾರಿ, ತೋಟದ ಬದಿಯ ರಸ್ತೆಗಳಲ್ಲಿ ಗಿಡ್ಡ ಹಗ್ಗ ಹಿಡಿದು ನಡೆಯಿರಿ. ಅಂಚಿನ ಹುಲ್ಲಿಗೆ ಇಳಿಸಬೇಡಿ. ಹೇಲನ್ನು ಎತ್ತಿಕೊಂಡು ಬನ್ನಿ. ಬೆಲ್ಜಿಯಂನ ಘೆಂಟ್ ನಗರದ ಬಳಿಯ ಮೀಸಲು ಪ್ರದೇಶಗಳಲ್ಲಿ ನಾಯಿಗಳಿಂದಲೇ ವರ್ಷಕ್ಕೆ ಹೆಕ್ಟೇರಿಗೆ 11 ಕಿಲೊ ಸಾರಜನಕ, 5 ಕಿಲೊ ರಂಜಕ ನೆಲ ಸೇರುತ್ತಿದೆ ಎಂದು ಸಂಶೋಧಕರು 2022ರಲ್ಲಿ ಅಂದಾಜಿಸಿದರು. ಬಡ ಮಣ್ಣನ್ನೇ ನೆಚ್ಚಿ ಬೆಳೆಯುವ ಹುಲ್ಲು, ಹೂಗಳಿಗೆ ಇಂಥ ಗೊಬ್ಬರ ವರವಲ್ಲ. ಲಸಿಕೆ ತಪ್ಪಿಸಬೇಡಿ. ಹುಲ್ಲುಗಾವಲನ್ನು ನೋಡಬೇಕೆನಿಸಿದ ದಿನ ನಾಯಿಯನ್ನು ಮನೆಯಲ್ಲಿ ಬಿಟ್ಟು, ದುರ್ಬೀನು ಹಿಡಿದು ಹೋಗಿ. ಬೇರೆ ಜೀವಿಗಳ ಮನೆಯಂಗಳಕ್ಕೆ ತನ್ನ ನಾಯಿಯನ್ನು ಕರೆದೊಯ್ಯದವನೇ ಒಳ್ಳೆಯ ಯಜಮಾನ.